ನಮ್ಮ ಹುಡುಗರ ಬದುಕಿಗೆ ಯಾವ ಚೌಕ?

"ಉದ್ಯೋಗ: ಇದೆ / ಇಲ್ಲ."

ಕಲಬುರಗಿ ಜಿಲ್ಲೆಯ ಆಳಂದ, ಸೇಡಂ, ಜೇವರ್ಗಿ ಕಡೆ ಯುವಜನರ ಬಗ್ಗೆ ಸಮೀಕ್ಷೆ ಮಾಡಲು ಬರುವವರ ಮೊದಲ ಪ್ರಶ್ನೆಗಳಲ್ಲಿ ಇದೊಂದು ಇದ್ದೇ ಇರುತ್ತದೆ. ಇಪ್ಪತ್ತರ ಹುಡುಗನ ಉತ್ತರ ಕೇಳಿ: "ಎಳ್ಳಮಾಸಿ ಆದ್ಮ್ಯಾಲ ತೊಗರಿ ರಾಶಿಗಿ ಹೋಗ್ತೀನ್ರಿ ಸರ್. ಅದು ಮುಗದ್ರ ಪುಣಾದಾಗ ಸೆಂಟ್ರಿಂಗ್ ಕೆಲಸ. ಮಳಿ ಹತ್ತಿದ್ರ ಊರಿಗಿ ಬಂದು ಪಿಡಿಒ ಪರೀಕ್ಷಾಕ್ಕ ಓದ್ತೀನ್ರಿ." ಇದಕ್ಕೆ ಯಾವ ಚೌಕ? ಕೇಳಿದವರು ‘ಇಲ್ಲ’ ಒತ್ತಿ ಮುಂದಿನ ಮನೆಗೆ ನಡೆಯುತ್ತಾರೆ. ಕೂಲಿ, ಗುಳೆ, ಓದು ಮೂರನ್ನೂ ಹೊತ್ತ ಹುಡುಗ ವರದಿಯಲ್ಲಿ ಬರೀ ನಿರುದ್ಯೋಗಿ.

ಅಂಕಿಸಂಖ್ಯೆ ಬೇಡ ಅನ್ನುತ್ತಿಲ್ಲ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಅಡಿ ನಮ್ಮ ಪಾಲು ಕೇಳುವುದಕ್ಕೂ ಅಂಕಿ ಬೇಕು. ಆದರೆ ಪ್ರಶ್ನೆ ಬರೆಯುವ ಮುಂಚೆ ಬದುಕು ನೋಡುವ ಬೇರೆ ದಾರಿಗಳಿವೆ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರು ಅವನ್ನು ಧೈರ್ಯವಾಗಿ ಹಿಡಿಯಬೇಕು ಅನ್ನುವುದು ನನ್ನ ಆಗ್ರಹ.

ಸುಲಭದ್ದು ಜೀವನ ಕ್ಯಾಲೆಂಡರ್. ದೊಡ್ಡ ಹಾಳೆ ಹಾಸಿ, ತಿಂಗಳ ಬದಲು ಕಾರಹುಣ್ಣಿಮೆ, ಪಂಚಮಿ, ಮೊಹರಂ, ಎಳ್ಳಮಾಸಿ, ಊರ ಜಾತ್ರೆ ಬರೆದು, ಆಗ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅಂತ ಅವರಿಂದಲೇ ತುಂಬಿಸುವುದು. ‘ಕಳೆದ ಹನ್ನೆರಡು ತಿಂಗಳಲ್ಲಿ’ ಅಂದರೆ ನೆನಪಾಗದ್ದು ‘ಜಾತ್ರಿ ಟೈಮಿಗಿ’ ಅಂದರೆ ನೆನಪಾಗುತ್ತದೆ.

ಇನ್ನೊಂದು, ಕ್ಯಾಮೆರಾವನ್ನೇ ಅವರ ಕೈಗೆ ಕೊಡುವುದು. 1990ರ ದಶಕದಲ್ಲಿ ಸಂಶೋಧಕಿಯರಾದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಣ್ಣುಮಕ್ಕಳಿಗೆ ಕ್ಯಾಮೆರಾ ಕೊಟ್ಟರು. ತಮ್ಮ ಬದುಕಿನ ಚಿತ್ರ ಅವರೇ ತೆಗೆದರು, ಅರ್ಥ ಅವರೇ ಹೇಳಿದರು, ಅಧಿಕಾರಿಗಳ ಮುಂದೂ ಇಟ್ಟರು. ಅದಕ್ಕೆ ಫೋಟೋವಾಯ್ಸ್ ಎಂಬ ಹೆಸರು ಬಂತು. ಇವತ್ತು ಮೊಬೈಲ್ ಇದೆಯಲ್ಲ, ಇಲ್ಲಿ ಇನ್ನೂ ಸಲೀಸು ಅನ್ನಬಹುದು. ಆದರೆ ಯಾರ ಮೊಬೈಲ್? ನಮ್ಮ ಹಳ್ಳಿಗಳ ಎಷ್ಟೋ ಹುಡುಗಿಯರು ಹಿಡಿಯುವ ಫೋನ್ ಅಣ್ಣನದ್ದು, ಅಪ್ಪನದ್ದು. ಅದರಲ್ಲಿ ಅವಳು ಚಿತ್ರದ ಬಗ್ಗೆ ಕಳಿಸುವ ವಾಯ್ಸ್ ಮೆಸೇಜನ್ನು ಸಂಜೆ ಮನೆಯವರೂ ಕೇಳುತ್ತಾರೆ. ಸಂಶೋಧಕ ಪಟ್ಟಣಕ್ಕೆ ವಾಪಸ್ ಹೋದಮೇಲೆ ಬೈಸಿಕೊಳ್ಳುವವಳು ಅವಳು. ಇದನ್ನು ಯೋಚಿಸದ ಹೊಸ ವಿಧಾನ ಹಳೇ ಪ್ರಶ್ನಾವಳಿಗಿಂತ ಕೆಟ್ಟದ್ದು.

ಹುಡುಗಿಯರ ವಿಷಯದಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಅವರು ದಿನಾ ಹೋಗುವ ದಾರಿಯಲ್ಲಿ ಜೊತೆಗೆ ಹೋಗುವ ವಿಧಾನದ ಮೇಲೆ. ಮನೆಯಂಗಳದಲ್ಲಿ ಅವ್ವ, ಕಾಕಾ, ಪಕ್ಕದ ಮನೆಯವರ ನಡುವೆ ಕೂರಿಸಿ ಕೇಳಿದರೆ ಅವಳು ‘ಹ್ಞೂಂ’ ಅನ್ನುತ್ತಾಳೆ, ಅಷ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಕಾಲೇಜು ಬಸ್ಸುಗಳು ಹೇಗೆ ತುಂಬಿರುತ್ತವೆ, ಹತ್ತಿ ನೋಡಿ. ಊರಿಂದ ಸ್ಟಾಪಿನವರೆಗೆ ಅವಳ ಜೊತೆ ನಡೆದರೆ ಎಲ್ಲಿ ಬಿರುಸಾಗಿ ನಡೆಯುತ್ತಾಳೆ, ಬಸ್ಸು ತಪ್ಪಿದರೆ ಮನೆಯಲ್ಲಿ ಏನಾಗುತ್ತದೆ ಎಲ್ಲ ತಾನಾಗಿ ಬರುತ್ತದೆ. ಇದನ್ನು ಹೆಣ್ಣು ಸಂಶೋಧಕಿಯೇ ಮಾಡಬೇಕು. ಹುಡುಗಿ ‘ಒಲ್ಲೆ’ ಅಂದರೆ, ಅಪ್ಪ ಸಹಿ ಹಾಕಿದ್ದರೂ ಅಲ್ಲಿಗೇ ನಿಲ್ಲಿಸಬೇಕು.

ದುಡ್ಡು, ಸಮಯ ಎಲ್ಲಿಂದ ತರೋಣ ಅನ್ನುವವರಿಗೆ ನೆರೆಯ ಉದಾಹರಣೆ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಯಂಗ್ ಲೈವ್ಸ್’ ಅಧ್ಯಯನ ನಾಲ್ಕು ದೇಶಗಳ ಸುಮಾರು 12,000 ಮಕ್ಕಳನ್ನು 2002ರಿಂದ ಹಿಂಬಾಲಿಸುತ್ತಾ ಬಂದಿದೆ. ಭಾರತದಲ್ಲಿ ಅದು ನಡೆದಿದ್ದು ಆಂಧ್ರ, ತೆಲಂಗಾಣದಲ್ಲಿ. ನಮ್ಮ ಗಡಿಗೇ ಹತ್ತಿದ್ದ ಅವಿಭಜಿತ ಮಹಬೂಬ್‌ನಗರ ಜಿಲ್ಲೆಯಲ್ಲೂ. ಸಮೀಕ್ಷೆಯ ಜೊತೆ ಮಕ್ಕಳ ಚಿತ್ರ, ನಕ್ಷೆ, ದೀರ್ಘ ಮಾತುಕತೆ ಎಲ್ಲ ಬಳಸಿದರು. ಗಡಿಯ ಆಚೆಯ ಮಕ್ಕಳಿಗೆ ಸಿಕ್ಕ ಗಮನ ಯಾದಗಿರಿಯ ಮಕ್ಕಳಿಗೆ ಯಾಕೆ ಸಿಗಬಾರದು?

ಪಿಎಚ್‌ಡಿ ಮಾಡುವ ತಮ್ಮಂದಿರು, ತಂಗಿಯರಲ್ಲಿ ಒಂದು ಕೇಳಿಕೆ. ಹುಡುಗರು ತೆಗೆದ ಚಿತ್ರ, ತುಂಬಿದ ಕ್ಯಾಲೆಂಡರ್ ನಿಮ್ಮ ಪ್ರಬಂಧಕ್ಕೆ ಹೋಗುವ ಮುಂಚೆ, ಅವರು ಒಪ್ಪಿದರೆ, ಅವರ ಗ್ರಾಮ ಪಂಚಾಯಿತಿಗೆ ಹೋಗಲಿ. ಮಕ್ಕಳ ಗ್ರಾಮಸಭೆ ಹೇಗೂ ನಡೆಯಬೇಕು. ಬಸ್ಸಿಲ್ಲದ ರಸ್ತೆಯ ಫೋಟೋ ಅಲ್ಲಿ ತೂಗುಹಾಕಿ, ತೆಗೆದ ಹುಡುಗಿಯೇ ಪಿಡಿಒ ಸಾಹೇಬರಿಗೆ ವಿವರಿಸಲಿ. ನೀವು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಿ.