ಚಹಾದ ಜೊತೆಗೊಂದು ಬಿಡಿ ಸಿಗರೇಟು

ಕಳೆದ ಆಷಾಢದಲ್ಲಿ ಸಿಂಗಪುರದಿಂದ ಊರಿಗೆ ಬಂದಿದ್ದಾಗ, ಶಿವಮೊಗ್ಗದ ಕಾಲೇಜೊಂದರ ಬಳಿಯ ಗೂಡಂಗಡಿಯ ಸೂರಿನಡಿ ಮಳೆ ಬಿಡುವವರೆಗೆ ನಿಂತಿದ್ದೆ. ಬೆಳಗಿನ ಹತ್ತಕ್ಕೆ ಬಂದ ನಾಲ್ವರು ಹುಡುಗರು ಎರಡು ಬೈಟು ಚಹಾ ಮತ್ತು ಎರಡು ಬಿಡಿ ಸಿಗರೇಟು ಕೇಳಿದರು, ತಿಂಡಿ ಕೇಳಲಿಲ್ಲ. ರಾತ್ರಿ ಎರಡರವರೆಗೆ ಎಚ್ಚರವಿದ್ದು, ಮೆಸ್ಸಿನ ತಿಂಡಿ ಮುಗಿದ ಮೇಲೆ ಎದ್ದವರೆಂಬುದು ಅವರ ಮಾತಿನಲ್ಲೇ ತಿಳಿಯಿತು. ವಿದ್ಯಾರ್ಥಿಯಾಗಿದ್ದಾಗ ನಾನೂ ಹೀಗೆಯೇ ನಿಲ್ಲುತ್ತಿದ್ದೆನಾದ್ದರಿಂದ ಬೈಯುವ ಮನಸ್ಸಾಗಲಿಲ್ಲ, ಸಂಕಟವಾಯಿತು.

ಸಿಗರೇಟನ್ನು ನಾವು ಒಂಟಿ ದುಶ್ಚಟವೆಂದು ಕಾಣುತ್ತೇವೆ, ಆದರೆ ವಿದ್ಯಾರ್ಥಿಯ ದಿನಚರಿಯಲ್ಲಿ ಅದು ಒಂಟಿಯಾಗಿರುವುದಿಲ್ಲ. ನಿಕೋಟಿನ್ ಹಸಿವನ್ನು ಅಡಗಿಸುವುದರಿಂದ ತಪ್ಪಿದ ತಿಂಡಿಯ ನೆನಪಾಗುವುದಿಲ್ಲ. ಅದೇ ನಿಕೋಟಿನ್ ನಿದ್ದೆಯನ್ನೂ ಕೆಡಿಸುವುದರಿಂದ ಮರುದಿನ ಮತ್ತೆ ಏಳುವುದು ತಡ. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕೆಫೀನನ್ನು ದೇಹದಲ್ಲಿ ಬೇಗ ಕರಗಿಸುವುದರಿಂದ ಸೇದುವವನಿಗೆ ಒಂದು ಲೋಟ ಚಹಾ ಹೆಚ್ಚು ಹೊತ್ತು ಸಾಲದೆ ಇನ್ನೊಂದು ಬೇಕಾಗುತ್ತದೆ, ಲೋಟ ಕೈಗೆ ಬಂದೊಡನೆ ಬೆರಳು ಸಿಗರೇಟನ್ನು ಹುಡುಕುತ್ತದೆ.

ಸಿಂಗಪುರದಲ್ಲಿ 2021ರಿಂದ 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಅಂಗಡಿಯಲ್ಲಿ ಕಣ್ಣಿಗೆ ಬೀಳುವಂತೆ ಇಡುವಂತಿಲ್ಲ, ವಿಶ್ವವಿದ್ಯಾಲಯದ ಆವರಣದಲ್ಲಿ ಸೇದುವಂತಿಲ್ಲ. ಬಿಡಿಯಾಗಿ ಸಿಗುವುದೂ ಇಲ್ಲ. ದುಬಾರಿ ಪ್ಯಾಕನ್ನು ಇಡಿಯಾಗಿ ಕೊಂಡು, ಆವರಣ ದಾಟಿ ಹೋಗಬೇಕಾದವನಿಗೆ ನಡುದಾರಿಯಲ್ಲೇ ಚಪಲ ಇಳಿಯುವುದುಂಟು. ನಾನು ಬಿಟ್ಟದ್ದೂ ಮನೋಬಲದಿಂದಲ್ಲ. ದಿನದ ಕ್ರಮ ಬದಲಾದದ್ದರಿಂದ.

ಕಾಗದದ ಮೇಲೆ ಕರ್ನಾಟಕವೇನೂ ಹಿಂದುಳಿದಿಲ್ಲ. ಶಿಕ್ಷಣ ಸಂಸ್ಥೆಗಳ ನೂರು ಗಜದೊಳಗೆ ಮಾರಾಟವನ್ನು ತಡೆಯುವ ಕೇಂದ್ರದ ಕಾಯ್ದೆ 2003ರದು. ರಾಜ್ಯ ಸರ್ಕಾರ ಬಿಡಿ ಸಿಗರೇಟನ್ನು 2017ರಲ್ಲೇ ನಿಷೇಧಿಸಿ, ಈಗ ಕೊಳ್ಳುವವರ ವಯಸ್ಸನ್ನೂ 21ಕ್ಕೆ ಏರಿಸಿದೆ. ಆದರೂ ಬಿಡಿ ಸಿಗರೇಟೇ ನಮ್ಮ ಹುಡುಗರ ಮೊದಲ ಮೆಟ್ಟಿಲು. ಪ್ಯಾಕಿನ ಶೇ 85ರಷ್ಟು ಜಾಗವನ್ನು ತುಂಬುವ ಎಚ್ಚರಿಕೆಯ ಚಿತ್ರವನ್ನೂ, ಚಟ ಬಿಡಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 1800-11-2356ನ್ನೂ ಬಿಡಿಯಾಗಿ ಕೊಳ್ಳುವವನು ನೋಡುವುದೇ ಇಲ್ಲ; ಅವೆರಡೂ ಅಂಗಡಿಯವನ ಬಳಿಯೇ ಉಳಿಯುತ್ತವೆ.

ಮಲೆನಾಡಿನವರಿಗೆ ಹೇಳಲು ಕಷ್ಟವಾದ ಮಾತೊಂದಿದೆ. ಊಟವಾದ ಮೇಲೆ ಕವಳದ ತಟ್ಟೆಯಲ್ಲಿ ಹೊಗೆಸೊಪ್ಪನ್ನೂ ಇಡುವ ಮನೆಗಳಲ್ಲಿ ನಾವು ಬೆಳೆದಿದ್ದೇವೆ, ಅಡಿಕೆಯೇ ನಮ್ಮ ಅನ್ನ. ಆ ಅಡಿಕೆಯನ್ನು ಅಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕಗಳಾದವು. ಹಿರಿಯರ ತಟ್ಟೆಯಲ್ಲಿ ತಂಬಾಕನ್ನು ಕಂಡ ಹುಡುಗನಿಗೆ ಸಿಗರೇಟು ದೊಡ್ಡ ಹೊಸ್ತಿಲಾಗಿ ತೋರುವುದಿಲ್ಲ. ಬುದ್ಧಿ ಹೇಳುವ ಮೊದಲು ಆ ಹೊಗೆಸೊಪ್ಪನ್ನಾದರೂ ತಟ್ಟೆಯಿಂದ ತೆಗೆಯೋಣ.

ಹಾಸ್ಟೆಲ್ ನಡೆಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ಬೆಳಗಿನ ಹತ್ತೂವರೆಯವರೆಗೆ ಮೆಸ್ಸಿನಲ್ಲಿ ಬಿಸಿ ತಿಂಡಿ ಸಿಗಲಿ, ಪರೀಕ್ಷೆಯ ದಿನಗಳಲ್ಲಿ ರಾತ್ರಿ ಓದುವವರಿಗೆ ಹೊಟ್ಟೆಗೇನಾದರೂ ಇರಲಿ. ಆ ನಾಲ್ವರು ಮಳೆಯಲ್ಲಿ ರಸ್ತೆ ದಾಟಿ ಬಂದದ್ದು ಬಿಸಿಯಾದದ್ದೇನಾದರೂ ಸಿಗುವ ಹತ್ತಿರದ ಜಾಗ ಅದೊಂದೇ ಆಗಿದ್ದರಿಂದ.