ಶುಲ್ಕವೋ, ಮಿತಿಯೋ?

ಇಟಲಿಯ ಪಾದೊವಾದಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. 2024ರ ಮೇ ತಿಂಗಳ ಒಂದು ಶನಿವಾರ, ಮಲ್ಪೆಯಿಂದ ಬಂದಿದ್ದ ಭಾವನನ್ನು ರೈಲಿನಲ್ಲಿ ವೆನಿಸ್‌ಗೆ ಕರೆದೊಯ್ದೆ. ನಿಲ್ದಾಣದ ಹೊರಗೆ ಕ್ಯೂಆರ್ ಕೋಡ್ ಪರಿಶೀಲಿಸುವವರು ನಿಂತಿದ್ದರು. ನಗರ ಪ್ರವೇಶಕ್ಕೆ ಶುಲ್ಕವಿತ್ತು: ವೆನೆಟೊ ಪ್ರಾಂತ್ಯದ ನಿವಾಸಿಯಾದ ನನಗೆ ವಿನಾಯಿತಿ, ಭಾವನಿಗೆ 5 ಯೂರೊ. “ನಾನೂರೈವತ್ತು ರೂಪಾಯಿ ಆಯ್ತಲ್ಲ ಮಾರಾಯ! ನಮ್ಮಲ್ಲಾದರೆ ಟಿಕೆಟ್ ತೆಗೊಂಡವರನ್ನು ಬೋಟಿನಲ್ಲಿ ದ್ವೀಪಕ್ಕಾದರೂ ಮುಟ್ಟಿಸ್ತಾರೆ” ಎಂದರು.

ಬೆಳಿಗ್ಗೆ ಬಂದು ಸಂಜೆ ಮರಳುವವರಿಗೆಂದು ಆ ವರ್ಷ 29 ದಿನಗಳ ಮಟ್ಟಿಗೆ ಜಾರಿಯಾದ ಈ ಶುಲ್ಕದಿಂದ ನಗರಸಭೆಗೆ ಸುಮಾರು 24 ಲಕ್ಷ ಯೂರೊ ಬಂತು. ನಾವು ಕಂಡ ಸೇತುವೆಗಳ ಮೇಲೆ ಮಾತ್ರ ಹೆಜ್ಜೆಯಿಡಲು ಜಾಗವಿರಲಿಲ್ಲ. 2025ರಲ್ಲಿ ದಿನಗಳನ್ನು 54ಕ್ಕೇರಿಸಿ, ತಡವಾಗಿ ನೋಂದಾಯಿಸಿದವರಿಗೆ 10 ಯೂರೊ ಮಾಡಿದರು. ಸಾವಿರಾರು ರೂಪಾಯಿ ವಿಮಾನಕ್ಕೆ ಸುರಿದು ಬಂದವನು ಇಷ್ಟಕ್ಕೆ ಹಿಂದಿರುಗುತ್ತಾನೆಯೇ? 1950ರ ದಶಕದ ಆರಂಭದಲ್ಲಿ ಒಂದೂ ಮುಕ್ಕಾಲು ಲಕ್ಷದಷ್ಟು ಜನರಿದ್ದ ಹಳೆಯ ವೆನಿಸ್‌ನಲ್ಲಿ 2022ರ ಹೊತ್ತಿಗೆ 50,000 ನಿವಾಸಿಗಳೂ ಉಳಿದಿರಲಿಲ್ಲ; ಇದಕ್ಕೊಂದು ಕಾರಣ, ವರ್ಷದ ಬಾಡಿಗೆಗಿಂತ ವಾರದ ಪ್ರವಾಸಿಗೆ ಮನೆ ಕೊಡುವುದೇ ಮಾಲೀಕನಿಗೆ ಲಾಭ. ಈ ಶುಲ್ಕಕ್ಕಿಂತ 2021ರ ಆಗಸ್ಟ್‌ನಲ್ಲಿ ದೊಡ್ಡ ಕ್ರೂಸ್ ಹಡಗುಗಳನ್ನು ವೆನಿಸ್‌ನ ಜುದೆಕ್ಕಾ ಕಾಲುವೆಯಿಂದ ಹೊರಗಿಟ್ಟ ನಿರ್ಧಾರವೇ ನನಗೆ ಮೆಚ್ಚುಗೆ: ಅಲ್ಲಿ ಹಣ ಕೊಟ್ಟರೂ ಪ್ರವೇಶವಿಲ್ಲ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಅಂಥ ನಿರ್ಧಾರವನ್ನು ಕಡಲೇ ಮಾಡಿಕೊಟ್ಟಿದೆ. ಮಳೆಗಾಲದಲ್ಲಿ ಪ್ರವಾಸಿ ಬೋಟುಗಳು ನಿಲ್ಲುತ್ತವೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಂಬದಂಥ ಕಲ್ಲುಗಳು ಅಷ್ಟು ತಿಂಗಳು ಮನುಷ್ಯರ ಕಾಲ್ತುಳಿತವಿಲ್ಲದೆ ನೆನೆಯುತ್ತವೆ. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ 61 ದಿನ ರಜೆ. ದುಡಿಮೆ ನಿಲ್ಲಿಸುವುದು ನಷ್ಟವಲ್ಲ, ಮುಂದಿನ ವರ್ಷದ ಮೀನಿಗೆ ಇಟ್ಟ ಬಂಡವಾಳ ಎಂಬ ಲೆಕ್ಕ ನಮ್ಮ ಬಂದರಿನವರಿಗೆ ಹೊಸತಲ್ಲ. ಪ್ರವಾಸೋದ್ಯಮದ ಮಾತು ಬಂದಾಗ ಮಾತ್ರ ಅದೇ ಊರು ಹನ್ನೆರಡು ತಿಂಗಳೂ ಜನ ಬರಲಿ ಎನ್ನುತ್ತದೆ. ಅಂಗಡಿ, ಹೋಮ್‌ಸ್ಟೇ ಇಟ್ಟವರ ಹೊಟ್ಟೆಪಾಡನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಡಿಸೆಂಬರ್ ರಜೆಯ ನೂಕುನುಗ್ಗಲಿನಲ್ಲಿ ಚಿಪ್ಪು ಹೆಕ್ಕಿ ಚೀಲಕ್ಕೆ ತುಂಬಿಸಿಕೊಳ್ಳುವವರನ್ನು ಕಂಡಿದ್ದೇನೆ.

ರೈಲು, ಬಸ್ಸು, ದೋಣಿಗಳಲ್ಲಿ ಜನ ಬಂದಿಳಿಯುವ ವೆನಿಸ್‌ಗೆ ತಲೆ ಎಣಿಸುವುದು ಕಷ್ಟ. ನಮ್ಮ ದ್ವೀಪಕ್ಕೆ ಪ್ರವಾಸಿಗರು ಹೋಗುವುದು ಬೋಟಿನಲ್ಲಿ ಮಾತ್ರ. ಟಿಕೆಟಿನ ದರ ಏರಿಸುವ ಬದಲು ದಿನಕ್ಕೆ ಇಷ್ಟೇ ಟಿಕೆಟ್ ಎಂದು ಗೊತ್ತುಮಾಡಿ, ಮುಗಿದ ಕೂಡಲೇ ಕೌಂಟರ್ ಮುಚ್ಚಿದರೆ ಸಾಕು.