ಕಿವಿ ನೆಟ್ಟಗಿರುವ ನಾಯಿ ಬೇಕಿತ್ತು

ದತ್ತು ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಆಮೇಲೆ ಬಣ್ಣ. ಅದಾದ ಮೇಲೆ ಸ್ವಲ್ಪ ದನಿ ತಗ್ಗಿಸಿ, “ಜಾತಿ ನಾಯಿಯೋ, ಬೀದಿಯದೋ?” ಕಿವಿ ನೆಟ್ಟಗಿರಬೇಕು, ಬಾಲ ಮೇಲಕ್ಕೆ ಸುರುಳಿ ಸುತ್ತಿರಬೇಕು. ಕಾಲು ಹಿಡಿದು ಉಗುರು ಎಣಿಸುವ ಹಿರಿಯರೂ ಇದ್ದಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಈಗ ಇಷ್ಟು ಪರೀಕ್ಷೆಯಿಲ್ಲ. ಸ್ವಭಾವ ಹೇಗೆ ಎಂದು ಕೇಳುವವರು ಮಾತ್ರ ಅಪರೂಪ.

ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಿತ್ತಲಲ್ಲಿ ಯಾವಾಗಲೂ ಒಂದೆರಡು ನಾಯಿಗಳಿರುತ್ತವೆ. ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡವು, ತಾಯಿ ಇಲ್ಲದ ಮರಿಗಳು, ಬಾಡಿಗೆ ಮನೆ ಖಾಲಿ ಮಾಡಿದವರು ಮಂಚ, ಬೀರುಗಳನ್ನೆಲ್ಲ ಲಾರಿಗೆ ಹೇರಿ ಗೇಟಿನಲ್ಲೇ ಬಿಟ್ಟುಹೋದವು. ಗಾಯ ಮಾಯುವವರೆಗೆ, ಲಸಿಕೆ ಮುಗಿಯುವವರೆಗೆ, ಒಂದು ಮನೆ ಗೊತ್ತಾಗುವವರೆಗೆ ಇಟ್ಟುಕೊಂಡು ಕಳಿಸಿಕೊಡುತ್ತೇವೆ. “ಕಳಿಸಲು ಮನಸ್ಸಾದರೂ ಹೇಗೆ ಬರುತ್ತದೆ?” ಎಂದು ಪಕ್ಕದ ಮನೆಯ ಅಕ್ಕ ಕೇಳುತ್ತಾರೆ. ನಾಯಿ ಹೋದ ರಾತ್ರಿ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದೆಂಬುದು ನನಗೆ ಗೊತ್ತು.

ಕೆಂಚ, ಪುಟ್ಟಿ ಒಂದೇ ಸೂಲಿನ ಮರಿಗಳು. ಒಂದೇ ಬುಟ್ಟಿಯಲ್ಲಿ ಬಂದು ಒಂದೇ ತಟ್ಟೆಯಲ್ಲಿ ಉಂಡವು. ಕೆಂಚನಿಗೆ ಲೋಕವೆಲ್ಲ ನೆಂಟರು. ಗ್ಯಾಸ್ ಸಿಲಿಂಡರ್ ತಂದವನ ಚಪ್ಪಲಿಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಹೋಗಿ, ಕಡಿಯದೆ, ತನ್ನ ಗೋಣಿಚೀಲದ ಮೇಲಿಟ್ಟು ಅದರ ಮೇಲೆ ಗಲ್ಲ ಊರಿ ಮಲಗುತ್ತಾನೆ. ಪುಟ್ಟಿ ಹಾಗಲ್ಲ. ಮುದ್ದೆ ಹಾಕಿದರೆ ನಾವು ಆಚೆ ತಿರುಗುವವರೆಗೆ ಮುಟ್ಟುವುದಿಲ್ಲ. ತಿರುಗಿದ್ದೇ ತಡ, ಬಾಯಿಗೆ ಕಚ್ಚಿಕೊಂಡು ನೀರಿನ ಡ್ರಮ್ಮಿನ ಹಿಂದೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ತುತ್ತಿಗೊಮ್ಮೆ ತಲೆಯೆತ್ತಿ ನೋಡುತ್ತಾ ತಿನ್ನುತ್ತಾಳೆ. ಅವಳನ್ನು ಯಾರೂ ಹೊಡೆದವರಿಲ್ಲ. ಹುಟ್ಟುಗುಣ, ಅಷ್ಟೇ.

ತಳಿ ಕೇಳುವವರಿಗೆ ನಾನು ಒಂದು ಲೆಕ್ಕ ಹೇಳುವುದುಂಟು. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಒಡೆಯರಿಂದ ಕೇಳಿ ತಿಳಿದು, ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚಿನವುಗಳ ಡಿಎನ್‌ಎ ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರವಂತೆ. ಬಂದವರು ತಲೆಯಾಡಿಸಿ ಕೇಳಿಸಿಕೊಂಡು, “ಆದರೂ ಲ್ಯಾಬ್ರಡಾರ್ ಸಿಕ್ಕರೆ ಹೇಳಿ” ಎಂದು ನಂಬರ್ ಕೊಟ್ಟು ಹೋಗುತ್ತಾರೆ.

ಸ್ವಭಾವ ತಿಳಿಯುವುದೂ ಸುಲಭವಲ್ಲ. ಹೊಸ ನಾಯಿಯ ಲೆಕ್ಕವನ್ನು ಈ ಕೆಲಸದಲ್ಲಿರುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಹಾಕುತ್ತಾರೆ. ಮೊದಲ ಮೂರು ದಿನ ಮಂಚದ ಕೆಳಗೆ ಅಲುಗಾಡದೆ ಮಲಗಿದ ನಾಯಿಯನ್ನು ನೋಡಿ “ಪಾಪ, ಎಷ್ಟು ಸಾಧು” ಎನ್ನುತ್ತೇವೆ. ಅದು ಸಾಧುವಲ್ಲ, ಹೆದರಿ ಮರಗಟ್ಟಿರುತ್ತದೆ. ಮೂರು ವಾರವಾಗುವಷ್ಟರಲ್ಲಿ ಮನೆಯ ಹೊತ್ತುಗೊತ್ತುಗಳನ್ನು ಕಲಿತು ನಿಜರೂಪ ತೋರಿಸತೊಡಗುತ್ತದೆ. ಮೂರು ತಿಂಗಳಿಗೆ ಸೋಫಾ ಯಾರದೆಂಬುದು ತೀರ್ಮಾನವಾಗಿರುತ್ತದೆ.

ಕೆಂಚ ಒಮ್ಮೆ ಒಂದು ಮನೆಗೆ ಹೋಗಿ ವಾಪಸ್ಸು ಬಂದವನು. “ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತದೆ ಸ್ವಾಮಿ” ಎಂಬುದು ಅವರ ದೂರು. ನಿಜ, ಅಲ್ಲಾಡಿಸುತ್ತಾನೆ. ಅವರಿಗೆ ಬೇಕಾಗಿದ್ದುದು ಒಳ್ಳೆಯ ಬೀಗ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದೆಂದಿತು. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನೂ ಅರ್ಜಿದಾರರಿಗೇ ಹೊರಿಸಿತು. ಒಳ್ಳೆಯ ಮಾತು. ಆದರೆ ಬಾಲ ನೋಡಿ ಆರಿಸಿದ ನಾಯಿ, ಸ್ವಭಾವ ಹೊಂದದಿದ್ದರೆ ಎಷ್ಟು ದಿನ ಗೇಟಿನೊಳಗಿದ್ದೀತು?

ಮೊನ್ನೆ ಕಂದವಾರದ ಕಡೆಯಿಂದ ನಿವೃತ್ತ ಮೇಷ್ಟ್ರು ದಂಪತಿ ಬಂದಿದ್ದರು. ಕಣ್ಣು ಕೆಂಚನ ಮೇಲೆ. ನಾನು ಪುಟ್ಟಿಯನ್ನು ತೋರಿಸಿದೆ. ಮಕ್ಕಳ ಗಲಾಟೆಯಿಲ್ಲದ, ಟಿ.ವಿ. ಕೂಡ ಮೆಲ್ಲಗೆ ಮಾತನಾಡುವ ಮನೆ ಅವರದು. ಮೇಷ್ಟ್ರು ಅವಳನ್ನು ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ. ಜಗಲಿಯ ಮೇಲೆ ಕುಳಿತು ಪೇಪರ್ ಬಿಡಿಸಿದರು. ಕ್ರೀಡಾಪುಟಕ್ಕೆ ಬರುವ ಹೊತ್ತಿಗೆ ಪುಟ್ಟಿ ಡ್ರಮ್ಮಿನ ಹಿಂದಿನಿಂದ ಬಂದು ಅವರ ಪಂಚೆಯ ಅಂಚು ಮೂಸಿದಳು. ಅವರು ಆಗಲೂ ಪೇಪರಿನಿಂದ ಕಣ್ಣೆತ್ತಲಿಲ್ಲ. ಅಂಥವರಿಗೆ ನಾಯಿ ಕೊಡಲು ಯೋಚಿಸಬೇಕಾಗಿಲ್ಲ.

ಕೆಂಚನನ್ನು ಕೇಳಿರುವವರು ನಂದಿಯ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು. ಆಳುಕಾಳು, ಮಕ್ಕಳು, ವ್ಯಾಪಾರಿಗಳು ದಿನವಿಡೀ ಬಂದುಹೋಗುವ ತೋಟ. ಅವನಿಗೆ ಹೇಳಿ ಮಾಡಿಸಿದ ಜಾಗ, ಒಂದು ತೊಡಕನ್ನು ಬಿಟ್ಟರೆ. ದ್ರಾಕ್ಷಿ ನಾಯಿಗೆ ವಿಷ. ಹಸಿಯದಾಗಲಿ ಒಣಗಿದ್ದಾಗಲಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಅದೇ ಆಮ್ಲ ಹುಣಸೆಯಲ್ಲೂ ಇದೆ. ಹಾಗಾಗಿ ನಮ್ಮ ಹಿತ್ತಲಲ್ಲಿ ಮುದ್ದೆಗೆ ಸಾರು ಬೀಳುವುದಿಲ್ಲ, ಬೇಯಿಸಿದ ಮೊಟ್ಟೆ ಬೀಳುತ್ತದೆ. ಇದನ್ನೆಲ್ಲ ವಿವರಿಸಿ, ಉದುರಿದ ಹಣ್ಣನ್ನು ದಿನವೂ ಆರಿಸಬೇಕು, ಗೊನೆ ತೂಗುವ ಕಾಲದಲ್ಲಿ ಕೆಂಚನನ್ನು ಮನೆಯ ಹತ್ತಿರವೇ ಕಟ್ಟಿಕೊಳ್ಳಬೇಕು ಎಂದೆ.

ಜೊತೆಗೆ ಬಂದಿದ್ದ ಅವರ ತಾಯಿಗೆ ಇದು ಅನ್ಯಾಯವಾಗಿ ಕಂಡಿತು. “ತೋಟ ಕಾಯುವವನಿಗೆ ತೋಟದ ಹಣ್ಣೇ ಇಲ್ಲವೇನಪ್ಪಾ?”

“ನಮಗೆ ಮಾತ್ರ ಎಲ್ಲಿದೆ ಅಮ್ಮಾ,” ಎಂದರು ಮಗ, ತಮ್ಮ ಎಡಗಾಲಿನ ಚಪ್ಪಲಿ ಹುಡುಕುತ್ತಾ. “ಒಳ್ಳೆಯ ಗೊನೆಯೆಲ್ಲ ಬೆಂಗಳೂರಿಗೆ ಹೋಗುತ್ತದೆ.”